ಅರಸರು ಅಳಿದರು, ಕವಿತೆ ಉಳಿಯಿತು

ರಜೆಯಲ್ಲಿ ವೇಲ್ಸಿಗೆ ಹೋಗುವ ನಾವು ಕಾನ್ವಿ, ಕರ್ನಾರ್ವನ್, ಹಾರ್ಲೆಕ್ ಕೋಟೆಗಳನ್ನು ತಪ್ಪದೆ ನೋಡಿ ಬರುತ್ತೇವೆ. ಈ ಮೂರೂ ವೇಲ್ಸಿನ ಅರಸರು ಕಟ್ಟಿಸಿದವಲ್ಲ. ಅವರನ್ನು ಗೆದ್ದ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ದೊರೆ ಕಟ್ಟಿಸಿದವು. ವೇಲ್ಸಿನ ಅರಸರ ನಿಜವಾದ ಸ್ಮಾರಕವನ್ನು ಕಾಣಬೇಕಾದರೆ ಅವರ ಕವಿಗಳ ಬಳಿಗೆ ಹೋಗಬೇಕು.

ಆ ನಾಡಿನ ಹಳೆಯ ಕಾನೂನು ಗ್ರಂಥಗಳು ಹೆಸರಿಸುವ 24 ಮಂದಿ ಆಸ್ಥಾನಾಧಿಕಾರಿಗಳಲ್ಲಿ ಕವಿಯೂ ಒಬ್ಬ. 1176ರ ಕ್ರಿಸ್‌ಮಸ್ ಸಮಯದಲ್ಲಿ ದಕ್ಷಿಣದ ಅರಸ ರೀಸ್ ಆಪ್ ಗ್ರಿಫಿದ್ ಕಾರ್ಡಿಗನ್ ಕೋಟೆಯಲ್ಲಿ ದೊಡ್ಡ ಸ್ಪರ್ಧೆಯೊಂದನ್ನು ನಡೆಸಿದ. ('ಆಪ್' ಎಂದರೆ ಮಗ.) ಒಂದು ವರ್ಷ ಮುಂಚಿತವಾಗಿಯೇ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳಲ್ಲೂ ಅದನ್ನು ಸಾರಲಾಗಿತ್ತು. ಬಹುಮಾನ ಎರಡು ಪೀಠಗಳು: ಕವಿಗೊಂದು, ಸಂಗೀತಗಾರನಿಗೊಂದು. ಕವಿತೆಯಲ್ಲಿ ಗೆದ್ದವರು ಉತ್ತರದ ಗ್ವಿನೆದ್ ಪ್ರಾಂತದವರು. ವೇಲ್ಸಿನ ಇಂದಿನ ರಾಷ್ಟ್ರೀಯ ಸಾಹಿತ್ಯೋತ್ಸವದಲ್ಲಿಯೂ ಗೆದ್ದ ಕವಿಗೆ ಕುರ್ಚಿಯನ್ನೇ ಕೊಡುತ್ತಾರೆ.

1267ರಲ್ಲಿ ಇಂಗ್ಲೆಂಡಿನ ದೊರೆಯೇ ಲೆವೆಲಿನ್ ಆಪ್ ಗ್ರಿಫಿದನನ್ನು ವೇಲ್ಸಿನ ರಾಜಕುಮಾರನೆಂದು ಒಪ್ಪಿಕೊಂಡಿದ್ದ. 1282ರ ಡಿಸೆಂಬರ್ 11ರಂದು ಕಿಲ್ಮೆರಿಯ ಹತ್ತಿರ ಆ ಲೆವೆಲಿನ್ ಹತನಾದ. ಅವನ ತಲೆಯನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದರು. 'ಕೆಂಪು ನ್ಯಾಯಾಧೀಶನ ಮಗ' ಎಂಬ ಹೆಸರಿನ ಕವಿ ಗ್ರಿಫಿದ್ ಹಾಡಿದ ಶೋಕಗೀತೆಯಲ್ಲಿ ಗಾಳಿ, ಮಳೆ, ಕಡಲು ಎಲ್ಲವೂ ಕಂಗೆಡುತ್ತವೆ. ಆಸ್ಥಾನ ಹೋಯಿತು; ಕವಿಗಳ ಅನ್ನವೂ ಹೋಯಿತು.

ಆದರೆ ಕವಿತೆ ಹೋಗಲಿಲ್ಲ. ಸುಮಾರು 1300ರಲ್ಲಿ ಆಸ್ಥಾನ ಕವಿಗಳ ಪದ್ಯಗಳನ್ನು ಒಂದು ದೊಡ್ಡ ಹಸ್ತಪ್ರತಿಯಲ್ಲಿ ಬರೆದಿಡಲು ಪ್ರಾರಂಭವಾಯಿತು. ಇದು ಸ್ಟ್ರಾಟ ಫ್ಲೋರಿಡ ಮಠದ ಸನ್ಯಾಸಿಗಳ ಕೆಲಸವೆಂದು ವಿದ್ವಾಂಸರ ಊಹೆ. ಹೊಸ ಕವಿಗಳಿಗಾದರೋ ಊರೂರಿನ ಜಮೀನುದಾರರು ಮನೆಯ ಬಾಗಿಲು ತೆರೆದರು. ಅಂಥ ಮನೆಗಳಲ್ಲಿ ಓವೈನ್ ಗ್ಲಿಂಡೂರನ ಸಿಖಾರ್ಥ್ ಒಂದು. ಅಲ್ಲಿನ ಸೇತುವೆ, ಗಿರಣಿ, ಪಾರಿವಾಳದ ಗೂಡು, ಮೀನುಕೊಳ ಎಲ್ಲವನ್ನೂ ಯೋಲೋ ಗೋಖ್ ಎಂಬ ಕವಿ ಹಾಡಿ ಹೊಗಳಿದ. ಗ್ಲಿಂಡೂರ್ ದಂಗೆಯೆದ್ದದ್ದು 1400ರಲ್ಲಿ. 1403ರಲ್ಲಿ ಇಂಗ್ಲಿಷ್ ಸೇನೆ ಆ ಮನೆಯನ್ನು ಸುಟ್ಟಿತು. ಈಗ ಅಲ್ಲಿರುವುದು ಹುಲ್ಲು ಬೆಳೆದ ದಿಬ್ಬ ಮಾತ್ರ. ಮನೆ ಹೇಗಿತ್ತೆಂಬುದನ್ನು ಹೇಳಲು ಆ ಪದ್ಯ ಉಳಿದಿದೆ.

1536ರ ಕಾಯಿದೆ ನ್ಯಾಯಾಲಯಕ್ಕೂ ಸರಕಾರಿ ಹುದ್ದೆಗೂ ಇಂಗ್ಲಿಷನ್ನೇ ವಿಧಿಸಿತು. ಆದರೂ ವೇಲ್ಸ್ ಭಾಷೆ ಇಂದಿಗೂ ಜೀವಂತವಾಗಿದೆ. ಅರಮನೆ ಕೈಬಿಟ್ಟ ಭಾಷೆಯನ್ನು ಹೀಗೆ ಮನೆಗಳು ಹಿಡಿದುಕೊಂಡವು. ಪರದೇಶದಲ್ಲಿರುವ ನಮ್ಮ ಕನ್ನಡಕ್ಕೂ ಆಸ್ಥಾನವಿಲ್ಲ. ಇರುವುದು ನಮ್ಮ ನಮ್ಮ ಮನೆಗಳೇ. ಅಷ್ಟು ಸಾಕೆಂಬುದಕ್ಕೆ ಈ ನೆರೆನಾಡು ಸಾಕ್ಷಿ.