"ಹೋವುತ್ತೆ" ಹೇಳ್ತ ಮಾತಿನ ಧಣಿಗೊಕ್ಕೆ ಏವಗ ಹೇಳುದು?

ಮನೆಂದ ಹೆರಡುವಗ "ಹೋವುತ್ತೆ" ಹೇಳ್ಲಾಗ, "ಬತ್ತೆ" ಹೇಳೆಕ್ಕು ಹೇಳಿ ನಮ್ಮ ಅಜ್ಜಿಯಕ್ಕೊ ಕಲಿಶಿದ್ದವು. ಮನೆಯೋರಿಂಗೆ ಅಷ್ಟು ಸಾಕು. ಸಂಬಳ ಕೊಡ್ತ ಧಣಿಗೊಕ್ಕೆ ಹಾಂಗೆ ಹೇಳಿಕ್ಕಿ ಹೋಪಲೆ ಆವುತ್ತಿಲ್ಲೆನ್ನೆ! ಈಗ ನೆರೆಕರೆಲಿ ಯಾವ ಮನೆಗೆ ಹೋದರೂ ಒಂದು ಕೂಸೋ ಒಬ್ಬ ಮಾಣಿಯೋ ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೆರಟು ನಿಂದಿರ್ತವು. ಅರ್ಜಿ ಹಾಕಿದ ದಿನಂದಲೇ ಒಂದು ತಲೆಬೆಶಿ ಸುರು: ಆಫೀಸಿಲಿ ಏವಗ ಹೇಳುದು? ಬೇಗ ಹೇಳಿರೆ ಪ್ರಮೋಶನ್ ತಪ್ಪುಗು, ಒಳ್ಳೆ ಕೆಲಸ ಬೇರೆಯೋರ ಕೈಗೆ ಹೋಕು. ತಡವಾಗಿ ಹೇಳಿರೆ ನೋಟೀಸ್ ಪಿರಿಯಡ್ ಮುಗಿವಲೆ ದಿನ ಸಾಲ. ಇದು ಈಗಾಣ ಮಕ್ಕಳ ಹೊಸ ಸಮಸ್ಯೆ ಹೇಳಿ ಗ್ರೇಶೆಡಿ. ಇದಕ್ಕೆ ನೂರೈವತ್ತು ವರ್ಷಕ್ಕಿಂತ ಹೆಚ್ಚಿನ ಚರಿತ್ರೆ ಇದ್ದು, ಅದರ ಒಂದು ತುದಿ ನಮ್ಮ ಘಟ್ಟದ ಮೇಗೆಯೇ ಇದ್ದು.

ಮದಲಿಂಗೆ ಕೆಲಸ ಬಿಟ್ಟಿಕ್ಕಿ ಹೋಪದು ಹೇಳಿರೆ ಜೈಲಿಂಗೆ ಹೋಪ ವಿಷಯ. 1859ರಲ್ಲಿ ಬ್ರಿಟಿಷರು 13ನೇ ಆಕ್ಟು ಹೇಳಿ ಒಂದು ಕಾನೂನು ತಂದವು. ವರ್ಕ್‌ಮೆನ್ಸ್ ಬ್ರೀಚ್ ಆಫ್ ಕಾಂಟ್ರಾಕ್ಟ್ ಆಕ್ಟ್ ಹೇಳಿ ಅದರ ಪೂರಾ ಹೆಸರು. ಮುಂಗಡ ಪೈಸೆ ತೆಕ್ಕೊಂಡ ಕೆಲಸದೋನು ಕೆಲಸ ಮುಗುಶದ್ದೆ ಹೋದರೆ ಧಣಿ ಮ್ಯಾಜಿಸ್ಟ್ರೇಟನ ಹತ್ತರೆ ದೂರು ಕೊಡ್ಲಕ್ಕು. ಮ್ಯಾಜಿಸ್ಟ್ರೇಟ "ಪೈಸೆ ವಾಪಾಸು ಕೊಡು, ಅಲ್ಲದ್ರೆ ಕೆಲಸ ಮಾಡು" ಹೇಳುಗು. ಎರಡೂ ಆಗದ್ರೆ ಮೂರು ತಿಂಗಳ ವರೆಗೆ ಕಠಿಣ ಸಜೆ. ಧಣಿ ಸಂಬಳ ಕೊಡದ್ರೆ ಅವಂಗೆ ಹಾಂಗೆಲ್ಲ ಜೈಲು ಇಲ್ಲೆ, ಅದರ ಗಮನಿಸೆಕ್ಕು. ಕಲ್ಕತ್ತ, ಮದ್ರಾಸು, ಬೊಂಬಾಯಿ ಪೇಟೆಗೊಕ್ಕೆ ಹೇಳಿ ಸುರು ಮಾಡಿದ ಕಾನೂನು ಮತ್ತೆ ತೋಟಂಗೊ ಇಪ್ಪ ಊರುಗೊಕ್ಕೆ ಹಬ್ಬಿತ್ತು. ಕೊಡಗಿನ ಕಾಪಿ ತೋಟದ ಧಣಿಗಳ ಕೈಲಿಯೂ ಇದೇ ಬೆತ್ತ.

ಆ ತೋಟಂಗೊಕ್ಕೆ ಜೆನ ಹೋಗಿಯೊಂಡಿದ್ದದು ಎಲ್ಲಿಂದ? ಒಂದು ಪಾಲು ನಮ್ಮ ಜಿಲ್ಲೆಂದಲೇ, ಅಂಬಗಾಣ ಸೌತ್ ಕೆನರಾಂದ. ಮೇಸ್ತ್ರಿಗೊ ಘಟ್ಟ ಇಳುದು ಬಂದು ಮುಂಗಡ ಹಂಚುಗು. ಮಳೆಗಾಲಕ್ಕೆ ಅಕ್ಕಿ ಇಲ್ಲದ್ದ ಮನೆಗೆ, ಮದುವೆ ಸಾಲ ಇಪ್ಪ ಮನೆಗೆ ಆ ಪೈಸೆ ದೇವರು ಕೊಟ್ಟ ಹಾಂಗೆ ಕಾಂಗು. ಗೆಂಡ, ಹೆಂಡತ್ತಿ, ದೊಡ್ಡ ಮಕ್ಕೊ ಎಲ್ಲೋರೂ ಘಟ್ಟ ಹತ್ತುಗು. ಹಣ್ಣು ಕೊಯ್ವಲೆ ಹೆಮ್ಮಕ್ಕೊ ಬೇಕನ್ನೆ, ಅವಕ್ಕೆ ಸಂಬಳ ಗೆಂಡುಮಕ್ಕಳಂದ ಕಮ್ಮಿ. ಮುಂಗಡ ತೀರದ್ದೆ ಬೇರೆ ದಿಕ್ಕಂಗೆ ಹೋಪ ಮನಸ್ಸಿದ್ದರೆ ಧಣಿಗೆ ಹೇಳಿಕ್ಕಿ ಹೋಪದು ಹೇಂಗೆ? ಹೇಳಿದ ದಿನವೇ ಮೇಸ್ತ್ರಿ ಬಾಗಿಲಿಂಗೆ ಬಕ್ಕು. ಅಂಬಗ "ಏವಗ ಹೇಳುದು" ಹೇಳ್ತದಕ್ಕೆ ಉತ್ತರ ಒಂದೇ: ಹೇಳ್ಲೇ ಆಗ. ಇರುಳು ಹೋಗಿ, ಗುಡ್ಡೆ ದಾಂಟಿದ ಮತ್ತೆ ಗೊಂತಾದರೆ ಆತು.

ಇಲ್ಲಿ ಒಂದು ಮಾತು ಹೇಳದ್ದೆ ಮುಂದೆ ಹೋಪದು ಸರಿ ಅಲ್ಲ. ಘಟ್ಟದ ಮೇಗಾಣ ದೊರೆಗಳ ಬೈವಲೆ ಸುಲಭ. ಘಟ್ಟದ ಕೆಳಾಣ ಅಡಕ್ಕೆ ತೋಟ, ಗೆದ್ದೆಗಳಲ್ಲಿ "ಮೂಲದ ಆಳು" ಹೇಳ್ತ ಪದ್ಧತಿ ಇದ್ದತ್ತು; ಆ ಶಬ್ದ ಹಳಬ್ಬರ ಬಾಯಿಲಿ ಎಷ್ಟು ಸಲೀಸಾಗಿ ಬತ್ತು ಹೇಳಿ ನಿಂಗೊ ಕೇಳಿಪ್ಪಿ. ಆ ಆಳುಗೊಕ್ಕೆ ಹೇಳಿಕ್ಕಿ ಹೋಪಲೂ ಎಡಿಯ, ಹೇಳದ್ದೆ ಹೋಪಲೂ ಎಡಿಯ. ಈ ಚರಿತ್ರೆಲಿ ನಾವು ಬರೀ ಹೋಪೋರ ಹೊಡೆಲಿ ಮಾಂತ್ರ ಇದ್ದದಲ್ಲ.

1859ರ ಆ ಕಾನೂನಿನ ತೆಗವಲೆ 1925ರ ವರೆಗೆ ಕಾಯೆಕ್ಕಾಗಿ ಬಂತು. ಈಗಾಣ ಕಾನೂನಿಲಿ, 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟಿನ ಪ್ರಕಾರ, ಒಂದು ಮನುಷ್ಯನ ಹಿಡುದು ತಂದು "ಇದೇ ಧಣಿಯ ಹತ್ತರೆ ದುಡಿ" ಹೇಳಿ ಕೋರ್ಟು ಹೇಳುತ್ತಿಲ್ಲೆ. ಕಂಪೆನಿಯೋರು ನೋಟೀಸಿನ ಸಂಬಳ ಕೇಳ್ಲಕ್ಕು, ಬಾಂಡು ಬರದು ಕೊಟ್ಟಿದ್ದರೆ ಅದರ ಪೈಸೆಯ ವಾದ ಮಾಡ್ಲಕ್ಕು. ಅಷ್ಟೇ. ನೋಟೀಸಿನ ವಿಷಯಲ್ಲಿ ಹೆದರ್ತ ಮಕ್ಕೊಗೆ ಸುರುವಿಂಗೆ ಹೇಳೆಕ್ಕಾದ್ದು ಇದನ್ನೇ.

ಸ್ವಾತಂತ್ರ್ಯ ಬಂದ ಮತ್ತೆ ಬೇಲಿ ಧಣಿಯ ಜಾಲಿಂದ ಸರಕಾರದ ಆಫೀಸಿಂಗೆ ಹೋತು. ಪಾಸ್‌ಪೋರ್ಟು ಕೊಡುದು ಬಿಡುದು ಸರಕಾರದ ಮರ್ಜಿ ಆಗಿತ್ತು. ಪರದೇಶಕ್ಕೆ ಹೋಪದು ಮನುಷ್ಯನ ಸ್ವಾತಂತ್ರ್ಯದ ಒಂದು ಭಾಗ ಹೇಳಿ ಸುಪ್ರೀಂ ಕೋರ್ಟು 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಕೇಸಿಲಿ ಹೇಳಿತ್ತು. ಅದೇ ವರ್ಷ ಪಾಸ್‌ಪೋರ್ಟಿಂಗೆ ಸರಿಯಾದ ಕಾನೂನು ಬಂತು. ವಿಮಾನದ ಟಿಕೇಟಿಂಗೆ ರಿಸರ್ವ್ ಬೇಂಕಿನ "ಪಿ ಫಾರ್ಮ್" ಬೇರೆ ಬೇಕು. ಕೈಲಿ ತೆಕ್ಕೊಂಡು ಹೋಪಲೆ ಸಿಕ್ಕುಗು ಮೂರು ಪೌಂಡು, ಮತ್ತಾಣ ಕಾಲಲ್ಲಿ ಎಂಟು ಡಾಲರು. ಎಂಟು ಡಾಲರಿಲಿ ಸಂಸಾರ ಸುರು ಮಾಡಿದೋರ ಕತೆ ಎಷ್ಟೋ ಮನೆಲಿ ಇದ್ದು.

ಅತ್ಲಾಗಿಯೂ ಬಾಗಿಲು ಸಣ್ಣ. ಬ್ರಿಟನ್ನಿಂಗೆ 1962ರ ಜುಲೈ 1ರಂದ ವೋಚರು ಇಲ್ಲದ್ದೆ ಕೆಲಸಕ್ಕೆ ಹೋಪ ಹಾಂಗಿಲ್ಲೆ. ಅಲ್ಲಿ ಕೆಲಸ ನಿಘಂಟಾದೋರಿಂಗೆ 'ಎ' ವೋಚರು. ಡಾಕ್ಟ್ರು, ಟೀಚರು, ನರ್ಸು ಹೀಂಗೆ ವಿದ್ಯೆ ಇಪ್ಪೋರಿಂಗೆ 'ಬಿ'. ಅಮೇರಿಕ 1965ರಲ್ಲಿ ಕಾನೂನು ಬದಲುಸಿತ್ತು, ಕೆನಡಾ 1967ರಲ್ಲಿ ಅಂಕ ಲೆಕ್ಕ ಹಾಕುವ ಪದ್ಧತಿ ತಂತು. ವೋಚರು ಬಪ್ಪ ವರೆಗೆ ಇಲ್ಲಿಯಾಣ ಆಸ್ಪತ್ರೆಲೋ ಶಾಲೆಲೋ ಮೋರೆ ಬದಲುಸದ್ದೆ ಕೆಲಸ ಮಾಡಿಯೊಂಡು ಇರೆಕ್ಕು. ಅರ್ಜಿ ಹಾಕಿಕ್ಕಿ ಬಾಯಿ ಮುಚ್ಚಿ ಕೂಪ ಈ ಅಭ್ಯಾಸ ಆ ಕಾಲಂದಲೇ ಬಂದದು.

ಸರಕಾರಿ ಕೆಲಸದೋರಿಂಗೆ ಮಾಂತ್ರ ಗುಟ್ಟು ಮಡುಗುಲೆ ಮದಲಿಂದಲೂ ಎಡಿಯ. ಪಾಸ್‌ಪೋರ್ಟಿಂಗೇ ಇಲಾಖೆಯ "ಆಕ್ಷೇಪ ಇಲ್ಲೆ" ಪತ್ರ ಬೇಕಾಗಿಯೊಂಡಿತ್ತು. ಈಗ ಮೇಲಧಿಕಾರಿಗೆ ಮುಂದಾಗಿ ತಿಳಿಶಿದ ಕಾಕತದ ಪ್ರತಿ ಕೊಟ್ಟರೂ ನಡೆತ್ತು. ಆದರೆ ರಾಜೀನಾಮೆ ಕೊಟ್ಟ ಕೂಡ್ಲೆ ಕೆಲಸ ಬಿಟ್ಟ ಲೆಕ್ಕ ಅಲ್ಲ, ಅದರ ಒಪ್ಪಿ ಬಿಡುಗಡೆ ಮಾಡೆಕ್ಕು. ಶಾಲೆ ಟೀಚರಕ್ಕಂದ್ರು ಇದರ ತಿಂಗಳುಗಟ್ಟಲೆ ಮದಲೇ ಲೆಕ್ಕ ಹಾಕೆಕ್ಕು.

ನರ್ಸುಗಳ ಕತೆ ಬೇರೆ. ಬಾಂಡು ಬರೆಶಿ, ಒರಿಜಿನಲ್ ಸರ್ಟಿಫಿಕೇಟುಗಳ ಆಸ್ಪತ್ರೆಯ ಕವಾಟಿಲಿ ಮಡುಗಿಯೊಂಬ ಪದ್ಧತಿ ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿ ಇದ್ದತ್ತು. 2011-12ರಲ್ಲಿ ಮುಂಬಯಿ, ದೆಹಲಿ, ಕೇರಳಲ್ಲಿ ನರ್ಸುಗೊ ಮುಷ್ಕರ ಹೂಡಿದ್ದು ಸಂಬಳಕ್ಕೆ ಮಾಂತ್ರ ಅಲ್ಲ, ಈ ಬಾಂಡಿನ ವಿರುದ್ಧವೂ. ಸರ್ಟಿಫಿಕೇಟು ಧಣಿಯ ಕವಾಟಿಲಿ ಇಪ್ಪಗ "ಆನು ಕತಾರಿಂಗೆ ಹೋವುತ್ತೆ" ಹೇಳಿ ಆರು ಬಾಯಿ ಬಿಡುಗು?

ಇನ್ನೊಂದು ಸಂಗತಿ ಇದ್ದು, ಹೆಚ್ಚಿನೋರಿಂಗೆ ಗೊಂತಿಲ್ಲೆ. ದುಬಾಯಿ, ಕತಾರು, ಸೌದಿಯ ಆರೋಗ್ಯ ಇಲಾಖೆಗೊ ನರ್ಸಿನ ಕಾಕತಂಗಳ ಡೇಟಾಫ್ಲೋ ಹೇಳ್ತ ಸಂಸ್ಥೆಯ ಮೂಲಕ ಪರೀಕ್ಷೆ ಮಾಡ್ಸುತ್ತವು. ಆ ಸಂಸ್ಥೆ ಕೂಸು ಓದಿದ ಕಾಲೇಜಿಂಗೂ, ಕೆಲಸ ಮಾಡಿದ ಆಸ್ಪತ್ರೆಗೂ ನೇರ ಬರದು "ಇದು ನಿಂಗೊ ಕೊಟ್ಟ ಕಾಕತವೋ?" ಹೇಳಿ ಕೇಳ್ತು. ಈಗ ಇಪ್ಪ ಆಸ್ಪತ್ರೆಯ ಅನುಭವದ ಪತ್ರ ಹಾಕಿದ್ದರೆ ಅಲ್ಲಿಗೂ ಆ ಪ್ರಶ್ನೆ ಬಕ್ಕು. ಕೂಸು ಹೇಳುವ ಮದಲೇ ಆಫೀಸಿಂಗೆ ಸುದ್ದಿ ಎತ್ತುಗು. ಹಾಂಗಾಗಿ ಆ ಪರೀಕ್ಷೆಗೆ ಕಾಕತ ಕೊಡುವ ಮದಲೇ ಮೇಟ್ರನ್ ಹತ್ತರೆ ಮೋರೆ ನೋಡಿ ಹೇಳುದು ಒಳ್ಳೆದು ಹೇಳಿ ಎನ್ನ ಅಭಿಪ್ರಾಯ. ಬೇರೆಯೋರ ಪತ್ರಂದ ಗೊಂತಾದರೆ ಅಪಮಾನ ಆದ ಹಾಂಗೆ ಅವಕ್ಕೆ ಕಾಂಬದು ಸಹಜ, ಮತ್ತೆ ರಿಲೀವಿಂಗ್ ಲೆಟರ್ ಕೊಡ್ಲೆ ಕೈ ಬತ್ತಿಲ್ಲೆ.

ಐಟಿ ಮಕ್ಕೊಗೂ ಇದೇ ಗೆಂಟು, ರೆಜ ಬೇರೆ ನಮುನೆಲಿ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ 2015ರ ಜನವರಿಲಿ ಸುರುವಾತು. ಆಹ್ವಾನ ಬಂದ 60 ದಿನಲ್ಲಿ ಎಲ್ಲ ಕಾಕತ ಹಾಕೆಕ್ಕು. ಅದರಲ್ಲಿ ಕಂಪೆನಿಯ ಲೆಟರ್‌ಹೆಡ್ಡಿಲಿ ಎಂತ ಕೆಲಸ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಸಂಬಳ ಹೇಳಿ ಬರದ ಪತ್ರವೂ ಬೇಕು. ಎಚ್‌ಆರ್‌ನೋರ ಹತ್ತರೆ ಅಷ್ಟು ವಿವರದ ಪತ್ರ ಕೇಳಿರೆ ಎಂತಗೆ ಹೇಳಿ ಅವಕ್ಕೆ ಆ ಕ್ಷಣಕ್ಕೇ ಅರ್ಥ ಆವುತ್ತು. ಬೆಂಗ್ಳೂರಿಲಿ 90 ದಿನದ ನೋಟೀಸು ಕೇಳ್ತ ಕಂಪೆನಿಗೊ ಬೇಕಾದಷ್ಟು ಇಪ್ಪಗ, ಹೇಳ್ಲೆ ದಿನವ ಹಿಂದಂದ ಲೆಕ್ಕ ಹಾಕಿಯೊಂಡು ಬರೆಕ್ಕು. ಆದರೆ ಪತ್ರ ಕೇಳುದು ಬೇರೆ, ರಾಜೀನಾಮೆ ಕೊಡುದು ಬೇರೆ. ರಾಜೀನಾಮೆ ಕೊಡುದು ವೀಸಾ ಪಾಸ್‌ಪೋರ್ಟಿಂಗೆ ಬಿದ್ದ ಮತ್ತೆಯೇ. ಇದರಲ್ಲಿ ಎನಗೆ ಸಂಶಯವೇ ಇಲ್ಲೆ.

ಎಂತಗೆ ಹೇಳಿರೆ 2020. ಮಾರ್ಚ್ 22ರಂದ ಪರದೇಶದ ವಿಮಾನಂಗೊ ನಿಂದವು. ಜೂನಿಲಿ ಅಮೇರಿಕ ಹೊಸತ್ತಾಗಿ ಎಚ್-1ಬಿ ವೀಸಾಲ್ಲಿ ಬಪ್ಪೋರ ವರ್ಷದ ಕಡೇ ವರೆಗೆ ತಡದತ್ತು. ಕೆಲಸ ಬಿಟ್ಟು, ಬಾಡಿಗೆ ಮನೆ ಖಾಲಿ ಮಾಡಿ, ಪಾತ್ರೆ ಹಂಚಿ ಕೂದೋರು ಅಲ್ಲಿಗೂ ಇಲ್ಲೆ ಇಲ್ಲಿಗೂ ಇಲ್ಲೆ ಹೇಳಿ ಆದವು. ಹೀಂಗಿಪ್ಪದರಲ್ಲಿ ಹೆಚ್ಚಾಗಿ ಮದಲು ಕೆಲಸ ಬಿಡ್ತದು ಹೆಂಡತ್ತಿ. ಗೆಂಡನ ವೀಸಾ ಬಂತು ಹೇಳಿ ಇದು ರಾಜೀನಾಮೆ ಕೊಡ್ತು, ಇದರ ವೀಸಾ ಇನ್ನೂ ಬೈಂದಿಲ್ಲೆ. ಅಮೇರಿಕಕ್ಕೆ ಎಚ್-4ಲ್ಲಿ ಹೋದ ಹೆಮ್ಮಕ್ಕೊಗೆ 2015ರ ಮೇ ವರೆಗೆ ಕೆಲಸ ಮಾಡುವ ಅನುಮತಿಯೇ ಇದ್ದತ್ತಿಲ್ಲೆ; ಮತ್ತೆ ಸಿಕ್ಕಿದ್ದೂ ಗೆಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತಕ್ಕೆ ಎತ್ತಿದೋರಿಂಗೆ ಮಾಂತ್ರ. ಇಲ್ಲಿಯಾಣ ಕೆಲಸವ ಅಷ್ಟು ಬೇಗ ಬಿಡೆಕ್ಕೋ ಹೇಳಿ ಮನೆಯೋರು ಒಂದರಿ ಕೇಳೆಕ್ಕು.

ಗಲ್ಫಿನ ಮನೆಗಳಲ್ಲಿ ದುಡಿತ್ತ ಹೆಮ್ಮಕ್ಕಳ ಕತೆ ಇದಕ್ಕಿಂತ ಕಷ್ಟ. ಅಲ್ಲಿ ಕಫಾಲಾ ಹೇಳ್ತ ಪದ್ಧತಿ: ಕೆಲಸಕ್ಕೆ ತರ್ಸಿದ ಧಣಿಯೇ ಜಾಮೀನು. ಸೌದಿ, ಕತಾರಿಂದ ಹೆರಡೆಕ್ಕಾರೆ ಅವನ ಒಪ್ಪಿಗೆಯ ಪರವಾನಗಿ ಬೇಕಾಗಿಯೊಂಡಿತ್ತು. ಅಬ್ಬೆಗೆ ಸೌಖ್ಯ ಇಲ್ಲೆ ಹೇಳಿ ಊರಿಂಗೆ ಹೆರಡ್ಲೂ ಸಾನು. ಕತಾರು 2018ರಲ್ಲಿ ಹೆಚ್ಚಿನ ಕೆಲಸದೋರಿಂಗೆ ಇದರ ತೆಗದತ್ತು, ಮನೆಕೆಲಸದೋರಿಂಗೆ 2020ರ ಜನವರಿಲಿ. ಆದರೂ ಮನೆಕೆಲಸದೋರು ಹೋಪ 72 ಗಂಟೆ ಮದಲು ಧಣಿಗೆ ಹೇಳೆಕ್ಕು ಹೇಳಿ ಮಡುಗಿದವು. ಸೌದಿ 2021ರಲ್ಲಿ ಸಡಿಲ ಮಾಡುವಗ ಮನೆಕೆಲಸದೋರ ಹೆರವೇ ಬಿಟ್ಟತ್ತು. ಒಂದು ಮನೆಯ ಒಳದಿಕೆ, ಆ ಮನೆಯೋರೊಟ್ಟಿಂಗೇ ಇದ್ದೊಂಡು, "ಇನ್ನು ಮೂರು ದಿನಲ್ಲಿ ಹೋವುತ್ತೆ" ಹೇಳ್ತ ಮಾತಿಂಗೆ ಎಷ್ಟು ಧೈರ್ಯ ಬೇಕು ಹೇಳಿ ಗ್ರೇಶಿ ನೋಡಿ.

ಇನ್ನೊಂದು ಉಳುದತ್ತು, ಪಿ.ಎಫ್. ಪೈಸೆ. 1952ರ ಪಿ.ಎಫ್. ಸ್ಕೀಮಿನ 69ನೇ ಪಾರಾಲ್ಲಿ ಪರದೇಶಲ್ಲಿ ನೆಲೆ ನಿಂಬಲೋ ಕೆಲಸಕ್ಕೋ ಹೋಪೋರು ಹೆರಡುವ ಮದಲೇ ಪೂರಾ ಪೈಸೆ ತೆಗವಲಕ್ಕು ಹೇಳಿ ಇದ್ದು. ಅದೇ ಪಾರಾಲ್ಲಿ, ಕೆಲಸ ಬಿಟ್ಟೋರು ರೆಜ ಸಮಯ ಕಾಯೆಕ್ಕು, ಆದರೆ ಮದುವೆಗೆ ಹೇಳಿ ಕೆಲಸ ಬಿಡ್ತ ಹೆಮ್ಮಕ್ಕೊ ಕಾಯೆಕ್ಕಾದ್ದಿಲ್ಲೆ ಹೇಳಿಯೂ ಬರದ್ದವು. ಪರದೇಶಕ್ಕೆ ಹೋಪದನ್ನೂ ಮದುವೆ ಆಗಿ ಹೋಪದನ್ನೂ ಬರದೋರು ಒಂದೇ ಪಾರಾಲ್ಲಿ ಮಡುಗಿದ್ದವು! ನಿಯಮ ಮತ್ತೆ ಮತ್ತೆ ಬದಲುತ್ತ ಕಾರಣ ಪಿ.ಎಫ್. ಆಫೀಸಿಲಿ ಒಂದರಿ ಕೇಳಿಕ್ಕಿ, ಕಂಪೆನಿಯ ದಾಖಲೆಲಿ ಕೆಲಸ ಬಿಟ್ಟ ತಾರೀಕು ಸರಿ ಹತ್ತಿದ್ದೋ ನೋಡಿಕ್ಕಿಯೇ ವಿಮಾನ ಹತ್ತಿ.