ಮೂರು ಎಂ.ಎಂ. ಕುದರಿ, ನಾಕು ಎಂ.ಎಂ. ಕಟ್ಟಗಿ

ಹೋದ ತಿಂಗಳ ಮಮ್ಮಗನ ಹುಟ್ಟುಹಬ್ಬಕ್ಕ ನನ್ನ ಮಗ ಕಟ್ಟಗಿ ಕುದರಿ ಪಝಲ್ ಲೇಸರ್‌ನ್ಯಾಗ ಕೊಯ್ಸಿಕೊಂಡು ಬಂದಿದ್ದ. ಇಪ್ಪತ್ತನಾಕು ತುಂಡು. ಕಚ್ಚಿಗೆ ಕಚ್ಚು ಸಿಗಿಸಿದರ ಕುದರಿ ನಿಂದ್ರಬೇಕು. ಅಂಟಿಲ್ಲ, ಮೊಳಿ ಇಲ್ಲ. ನಮ್ಮ ಕುದರಿ ನಿಂದ್ರಲಿಲ್ಲ. ಒಂದು ತುಂಡೂ ಒಳಗ ಹೋಗಲೊಲ್ಲದು. ಜೋರಾಗಿ ಒತ್ತಿದರ ಕಿವಿ ಮುರದು ಕೈಗೆ ಬಂತು, ಹುಡುಗ ಅಳಲಿಕ್ಕೆ ಹತ್ತಿದ. ನಕಾಶೆ 3 ಎಂ.ಎಂ. ಪ್ಲೈವುಡ್‌ಗೆ ಬರದದ್ದು. ಅಂಗಡ್ಯಾಗ 4 ಎಂ.ಎಂ. ಇತ್ತಂತ ಅದರಾಗ ಕೊಯ್ಸಿದ್ದ. "ಒಂದ ಎಂ.ಎಂ. ಅಲ್ಲೇನವ್ವಾ" ಅಂದ.

ಪಝಲ್‌ಗೆ ಈ ದಪ್ಪದ ಚಿಂತಿ ಮೊದಲಿಗೆ ಇರಲಿಲ್ಲ ನೋಡ್ರಿ. 1760ರ ದಶಕದಾಗ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಅನ್ನಾಂವ ಭೂಪಟಗಳನ್ನ ಮಹಾಗನಿ ಹಲಗಿಗೆ ಅಂಟಿಸಿ, ದೇಶದ ಗಡಿ ಹಿಡದು ಸಣ್ಣ ಗರಗಸದಿಂದ ಕೊಯ್ದು ಮಾರಿದ. ಮಕ್ಕಳಿಗೆ ಭೂಗೋಳ ಕಲಿಸ್ಲಿಕ್ಕೆ. ಮೂರನೇ ಜಾರ್ಜ್ ಅರಸನ ಮಕ್ಕಳೂ ಇಂಥಾ ಭೂಪಟ ಜೋಡಿಸೇ ಕಲಿತವರು. ಅವು ಚಪ್ಪಟಿಯಾಗಿ ಮಲಗೋ ತುಂಡು. ಹಲಗಿ ದಪ್ಪ ಇದ್ರೇನು, ತೆಳ್ಳಗಿದ್ರೇನು, ಫ್ರಾನ್ಸಿನ ಬಾಜೂಕ ಸ್ಪೇನ್ ಕೂಡೇ ಕೂಡತದ. 1930ರ ದಶಕದಾಗ ರಟ್ಟಿನ ಪಝಲ್ ಅಗ್ಗಾಗಿ ಮನಿಮನಿ ಹೊಕ್ಕಾಗೂ ಹಂಗ.

ತುಂಡು ಎದ್ದು ನಿಂತಾಗ ಲೆಕ್ಕ ಬದಲಾತು. ಒಂದು ಹಲಗಿಯ ಕಚ್ಚಿನ ಅಗಲ ಅಂದ್ರ ಇನ್ನೊಂದು ಹಲಗಿಯ ದಪ್ಪ. ನಮ್ಮ ತವರಮನಿಗೆ ಬರ್ತಿದ್ದ ಬಡಿಗೇರ ಅಜ್ಜ ಇಂಥಾ ಕಡೆ ಟೇಪ್ ಹಿಡೀತಿರಲಿಲ್ಲ. ಕೂಡಿಸೋ ಹಲಗೀನ ಇನ್ನೊಂದರ ಮ್ಯಾಲೆ ನಿಂದರಿಸಿ, ಎರಡೂ ಬದಿಗೆ ಗೆರಿ ಎಳದು, ಗೆರಿ ಒಳಗ ಕೊಯ್ತಿದ್ದ. ಕಟ್ಟಗಿ ತನ್ನ ಅಳತಿ ತಾನ ಹೇಳತಿತ್ತು. ಈಗ ಅಳತಿ ಮೊದಲ ಕಂಪ್ಯೂಟರ್‌ನ್ಯಾಗ ಕೂತಿರ್ತದ, ಕಟ್ಟಗಿ ಆಮ್ಯಾಲೆ ಬರ್ತದ.

ಕಟ್ಟಗಿ ಕೊಯ್ಯೋ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡು ಹಿಡದವರು ನಮ್ಮ ನೆರಿ ಮಹಾರಾಷ್ಟ್ರದ ಬಾರಾಮತಿಯೊಳಗ ಹುಟ್ಟಿದ ಕುಮಾರ್ ಪಟೇಲ್. 1964ರಾಗ, ಅಮೇರಿಕಾದ ಬೆಲ್ ಲ್ಯಾಬ್ಸ್‌ನ್ಯಾಗ. (ಮಗ ಹೇಳಿದಾಗ ನನಗ ಭಾಳ ಹೆಮ್ಮಿ ಅನಿಸ್ತು.) ಅದರ ಕಿರಣ ಕಣ್ಣಿಗೆ ಕಾಣೂದಿಲ್ಲ, ಕಟ್ಟಗಿ ಸುಟ್ಟುಕೋತ ಹೋಗತದ. ಗರಗಸ ಹೊಟ್ಟು ಉದುರಿಸಿದಂಗ ಇದೂ 0.1, 0.2 ಎಂ.ಎಂ. ತಿಂತದ. ಅಷ್ಟು ಕಚ್ಚು ಅಗಲ ಆಗೇ ಆಗತದ.

ಮಗ ಮುಂದ ಮಾಡಿದ್ದು ಕೇಳ್ರಿ. ಇಡೀ ಚಿತ್ರಾನ ಮೂರಕ್ಕ ನಾಕರಂಗ ದೊಡ್ಡದು ಮಾಡಿದ. ಕೊರಳು ಬಿಗಿ ಅಂತ ಇಡೀ ಅಂಗೀನ ದೊಡ್ಡದು ಹೊಲಿಸಿದಂಗ! ಕಚ್ಚಿನ ಕೂಡ ಕುದರೀನೂ ಬೆಳದು ಪ್ಲೈವುಡ್ ಸಾಲಲಿಲ್ಲ. ಮತ್ತ ರೊಕ್ಕ ಕೊಟ್ಟು ತಂದು ಕೊಯ್ಸಿದರ, ಈಗ ಸಡ್ಲ. ಕುದರಿ ಕಾಲು ಚೆಲ್ಲಿ ಕೂತಿತು.

"ಬಡಿಗೇರ ಅಜ್ಜನಂಗ ಮೊದಲ ಕಟ್ಟಗಿ ಅಳಿಯಪಾ" ಅಂದೆ. ವರ್ನಿಯರ್ ಹಚ್ಚಿ ನೋಡಿದರ 4 ಅಂತ ಮಾರಿದ್ದು ಖರೇ ಅಂದ್ರ 3.7! ಆಮ್ಯಾಲೆ ಒಂದು ಪಟ್ಟಿಯೊಳಗ ಬಾಚಣಿಕಿ ಹಲ್ಲಿನಂಗ 3.4, 3.5, 3.6, 3.7 ಕಚ್ಚು ಕೊಯ್ಸಿ ಅದೇ ಪ್ಲೈವುಡ್ ತುಂಡು ಸಿಗಿಸಿ ನೋಡಿದ. 3.5 ಅಂತ ಬರದದ್ದು ಕೈಲೆ ಒತ್ತಿದರ ಕೂತಿತು, ಅಲ್ಲಾಡಿಸಿದ್ರೂ ಬೀಳಲಿಲ್ಲ. ಕುದರಿ ಮೊದಲಿನಷ್ಟ ಇಟ್ಟು ಕಚ್ಚಿನ ಅಗಲ ಅಷ್ಟ ಬದಲಿಸಿದ. ಪೀಠದಾಗ ತೂರೋ ಕಾಲಿನ ಹಲ್ಲಿನ ಉದ್ದಾನೂ ದಪ್ಪಕ್ಕ ಸರಿ ಮಾಡಿದ.

ಈಗ ಟಿ.ವಿ. ಮ್ಯಾಲೆ ಕುದರಿ ನಿಂತದ. ಮುರದ ಕಿವೀನ ಮಾತ್ರ ಹುಡುಗ ಚೆಲ್ಲಲಿಕ್ಕೆ ಬಿಟ್ಟಿಲ್ಲ, ಕಂಪಾಸ್ ಡಬ್ಬ್ಯಾಗ ಇಟ್ಕೊಂಡಾನ.