ಯುದ್ಧಕಾಲದ ಹೈಸ್ಕೂಲಿನ ಕಡೆಯ ವರ್ಷ



ನಮ್ಮ ತಾತನವರ ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ಪುಸ್ತಕವಿದ್ದಿತು. ಅದು ಅವರ ಎಸ್.ಎಸ್.ಎಲ್.ಸಿ. ಪುಸ್ತಕ. ಒಳಗೆ 1943 ಎಂಬ ವರ್ಷ, ವಿಷಯಗಳ ಹೆಸರು, ಅಂಕಗಳು, ಮುಖ್ಯೋಪಾಧ್ಯಾಯರ ರುಜು, ಮತ್ತೇನೂ ಇರಲಿಲ್ಲ. ಹರಿಹರದ ಮನೆಯಲ್ಲಿ ಮೊತ್ತಮೊದಲು ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಅವರೇ. ಆದರೂ ಆ ಪುಸ್ತಕವನ್ನು ಅವರು ಹೆಮ್ಮೆಯಿಂದ ಯಾರಿಗೂ ತೋರಿಸಿದುದನ್ನು ನಾನು ಕಂಡಿಲ್ಲ. ಬಾಲ್ಯದಲ್ಲಿ ಒಮ್ಮೆ ಕಾರಣವನ್ನು ಕೇಳಿದೆನು. “ನಾನು ಪಾಸಾದೆ. ನನ್ನ ಪಕ್ಕದಲ್ಲಿ ಕೂತವನು ಆಗಲಿಲ್ಲ. ಅವನು ದಡ್ಡನಾಗಿರಲಿಲ್ಲ, ಮಗೂ” ಎಂದಷ್ಟೇ ಹೇಳಿ ಪೆಟ್ಟಿಗೆಯನ್ನು ಮುಚ್ಚಿಬಿಟ್ಟರು. ಈಗ ಕಾಲೇಜಿನಲ್ಲಿ ಚರಿತ್ರೆಯನ್ನು ಪಾಠ ಹೇಳುತ್ತಿರುವ ನಾನು, ಆ ಒಂದು ಮಾತಿಗೆ ಅರ್ಥವನ್ನು ಹುಡುಕುವ ಪ್ರಯತ್ನವನ್ನು ತಮ್ಮ ಮುಂದೆ ಮಾಡಬೇಕೆಂದಿರುವೆನು.

ಮೊದಲು ಸ್ಥಳವನ್ನು ನೋಡೋಣ. ದಾವಣಗೆರೆಯೂ ಹರಿಹರವೂ ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಹೈದರಾಲಿಯು ಈ ಊರನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವರ್ತಕರನ್ನು ಕರೆಯಿಸಿ ನೆಲೆಗೊಳಿಸಿದನೆಂದೂ ಗ್ಯಾಸೆಟಿಯರುಗಳು ಹೇಳುತ್ತವೆ. ಅಂದಿನಿಂದ ಇದು ಹತ್ತಿಯ ಮತ್ತು ಕಂಬಳಿಯ ಪೇಟೆ. ಹರಿಹರವಾದರೋ ಪುಣ್ಯಕ್ಷೇತ್ರ, ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯ ಇಲ್ಲಿರುವುದು. ಆದರೆ ನಮ್ಮ ಕಥೆಗೆ ಮುಖ್ಯವಾದುದು ದೇವಾಲಯವಲ್ಲ, ಅದರ ಬಳಿ ಹರಿಯುವ ತುಂಗಭದ್ರೆ. ಆ ನದಿಯ ಈಚೆಯ ದಡ ಮಹಾರಾಜರ ಸೀಮೆ. ಆಚೆಯ ದಡ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆ. ಭಾಷೆ ಒಂದೇ, ಬಂಧುತ್ವ ಒಂದೇ, ಸರ್ಕಾರಗಳು ಮಾತ್ರ ಎರಡು. ಬೆಂಗಳೂರಿನಿಂದ ಹೊರಟ ರೈಲು ಸೇತುವೆಯನ್ನು ದಾಟಿ ಹುಬ್ಬಳ್ಳಿಗೆ ಹೋಗುತ್ತಿದ್ದಿತು. ಆಚೆಯ ಸುದ್ದಿಯು ಅದೇ ಸೇತುವೆಯ ಮೇಲೆ ಈಚೆಗೆ ಬರುತ್ತಿದ್ದಿತು.

ಈ ಸೀಮೆಯಲ್ಲಿ ಹೈಸ್ಕೂಲಿನ ವಿದ್ಯೆಯು ಸುಲಭವಾಗಿ ದೊರೆತ ವಸ್ತುವಲ್ಲ. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ದಾವಣಗೆರೆಯಲ್ಲಿ ಓದಿ, ಹೈಸ್ಕೂಲಿಗಾಗಿ ಚಿತ್ರದುರ್ಗಕ್ಕೆ ಹೋಗಬೇಕಾಯಿತು. ಅವರ ತರುವಾಯ ಒಂದು ತಲೆಮಾರು ಕಳೆದು, ನಮ್ಮ ತಾತನವರು ಹರಿಹರದಿಂದ ರೈಲಿನಲ್ಲಿ ದಾವಣಗೆರೆಯ ಶಾಲೆಗೆ ಹೋಗಿಬರುತ್ತಿದ್ದರು. ನಾಲ್ಕು, ಐದು, ಆರನೆಯ ಫಾರಂಗಳೆಂದು ಮೂರು ವರ್ಷದ ಓದು. ಆರನೆಯ ಫಾರಮ್ಮಿನ ಕೊನೆಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ. ಅದರಲ್ಲಿ ಗೆದ್ದವನಿಗೆ ಗುಮಾಸ್ತೆಯ ಕೆಲಸವೋ ಉಪಾಧ್ಯಾಯರ ಕೆಲಸವೋ ದೊರೆಯಬಹುದಾಗಿದ್ದಿತು. ಅನುಕೂಲವಿದ್ದವನು ಇಂಟರ್‌ಮೀಡಿಯೇಟಿಗಾಗಿ ಬೆಂಗಳೂರನ್ನೋ ಮೈಸೂರನ್ನೋ ಸೇರುತ್ತಿದ್ದನು. ವಾರಾನ್ನ ಉಂಡು ಓದಿದ ಹುಡುಗನಿಗೂ, ಹೊಲವನ್ನು ಒತ್ತೆಯಿಟ್ಟು ಮಗನನ್ನು ಓದಿಸಿದ ತಂದೆಗೂ ಆ ಒಂದು ಪರೀಕ್ಷೆಯೇ ಹೊಳೆಯನ್ನು ದಾಟಿಸುವ ಹರಿಗೋಲು. ಈ ಮಾತನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಕೇಳಬೇಕು.

1939ರ ಸೆಪ್ಟೆಂಬರಿನಲ್ಲಿ ಯುದ್ಧವು ಪ್ರಾರಂಭವಾಯಿತು. ಮೊದಲ ಎರಡು ವರ್ಷ ಅದು ಭೂಪಟದ ಮೇಲಿನ ಯುದ್ಧವಾಗಿದ್ದಿತು. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾದ ಮೇಲೆ ಅದು ಅಡಿಗೆಯ ಮನೆಯನ್ನು ಹೊಕ್ಕಿತು. ಬರ್ಮಾ ದೇಶದ ಅಕ್ಕಿಯೂ ಸೀಮೆಎಣ್ಣೆಯೂ ನಿಂತುಹೋದವು. ಓದುವ ಹುಡುಗನಿಗೆ ಎಣ್ಣೆಯ ಅಭಾವವೆಂದರೆ ರಾತ್ರಿಯ ಅಭಾವವೇ ಸರಿ. ಒಂದು ಬುಡ್ಡಿಯ ಸುತ್ತ ನಾಲ್ವರು ಕುಳಿತು, ಒಬ್ಬನು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಹೀಗೆ ಪಾಠವಾಗುತ್ತಿದ್ದಿತಂತೆ. ಕಾಗದಕ್ಕೂ ಬರ ಬಂದಿತು. ಬರೆದ ಹಾಳೆಯ ಅಂಚಿನಲ್ಲಿಯೂ ಎರಡು ಸಾಲುಗಳ ನಡುವೆಯೂ ಲೆಕ್ಕ ಮಾಡುತ್ತಿದ್ದುದರಿಂದ, ತಮ್ಮ ಅಕ್ಷರವು ಜನ್ಮಪೂರ್ತಿ ಸಣ್ಣದಾಗಿಯೇ ಉಳಿಯಿತೆಂದು ತಾತನವರು ನಗುತ್ತಿದ್ದರು. ನಾಣ್ಯಗಳೂ ಬದಲಾದವು. ಬೆಳ್ಳಿಯ ರೂಪಾಯಿಯಲ್ಲಿ ಬೆಳ್ಳಿಯು ಅರ್ಧಕ್ಕೆ ಇಳಿಯಿತು. 1940ರಲ್ಲಿ ಒಂದು ರೂಪಾಯಿಯ ನೋಟು ಬಂದಿತು. 1943ರಲ್ಲಿ ತಾಮ್ರವನ್ನು ಉಳಿಸುವ ಸಲುವಾಗಿ ನಡುವೆ ತೂತಿದ್ದ ಕಾಸು ಬಂದಿತು. ಹುಡುಗರು ಆ ಕಾಸುಗಳನ್ನು ದಾರದಲ್ಲಿ ಪೋಣಿಸಿ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು.

ಯುದ್ಧವು ಕೆಲವರಿಗೆ ಕೆಲಸವನ್ನೂ ತಂದಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು ಸ್ಥಾಪಿತವಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ಹೊರದೇಶದ ಯಂತ್ರಗಳು ಬಾರದೆ ನಿಂತಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ಓದನ್ನು ಬಿಟ್ಟವನಿಗೂ ಒಂದು ದಾರಿಯುಂಟೆಂಬುದು ಆ ಊರಿನಲ್ಲಿ ಮೊದಲ ಬಾರಿಗೆ ಕಾಣಿಸಿತು. ಆ ಕಾರ್ಖಾನೆ ಈಗ ಇಲ್ಲ.

ಇನ್ನು 1942ರ ಆಗಸ್ಟ್ ತಿಂಗಳಿಗೆ ಬರೋಣ. 8ನೆಯ ತಾರೀಖು ಮುಂಬಯಿಯಲ್ಲಿ ಕಾಂಗ್ರೆಸ್ಸು ನಿರ್ಣಯವನ್ನು ಅಂಗೀಕರಿಸಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿಯವರೂ ಇತರ ನಾಯಕರೂ ಸೆರೆಯಾದರು. ನಾಯಕರಿಲ್ಲದ ಚಳವಳಿಗೆ ವಿದ್ಯಾರ್ಥಿಗಳೇ ಕೈಕಾಲುಗಳಾದರು. 15ನೆಯ ತಾರೀಖು ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಎಂಬ ಎಳೆಯ ಹುಡುಗನು ಗುಂಡಿಗೆ ಬಲಿಯಾದನು. ಬೆಂಗಳೂರಿನ ಮೈಸೂರು ಬ್ಯಾಂಕ್ ಚೌಕದಲ್ಲಿಯೂ ಗುಂಡು ಹಾರಿತು. ದಾವಣಗೆರೆಯಲ್ಲಿಯೂ ಆ ಚಳವಳಿಯಲ್ಲಿ ಗುಂಡೇಟಿಗೆ ಆರು ಮಂದಿ ಪ್ರಾಣವನ್ನು ತೆತ್ತರು. ನದಿಯಾಚೆಯ ಸೀಮೆಯಲ್ಲಿ ತಂತಿಗಳು ತುಂಡಾದವು, ರೈಲುಹಳಿಗಳು ಕಿತ್ತುಹೋದವು. ಹರಿಹರದ ನೈಋತ್ಯಕ್ಕಿರುವ ಈಸೂರಿನವರು ತಮ್ಮದು ಸ್ವತಂತ್ರ ಗ್ರಾಮವೆಂದು ಸಾರಿ, ಹುಡುಗರನ್ನೇ ಅಮಲ್ದಾರನೆಂದೂ ಪೊಲೀಸು ಅಧಿಕಾರಿಯೆಂದೂ ನೇಮಿಸಿದರು. ಮುಂದೆ ಅಲ್ಲಿ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರು ಹತರಾದರು. ಊರು ಘೋರವಾದ ದಂಡನೆಗೆ ಗುರಿಯಾಯಿತು.

ಇಂತಹ ದಿನಗಳಲ್ಲಿ ಆರನೆಯ ಫಾರಮ್ಮಿನ ಬೆಂಚಿನ ಮೇಲೆ ಕುಳಿತಿದ್ದ ಹದಿನಾರು ಹದಿನೇಳು ವರ್ಷದ ಹುಡುಗನು ಏನು ಮಾಡಬೇಕಾಗಿದ್ದಿತು? ತರಗತಿಯಲ್ಲಿ ಅವನು ಓದುತ್ತಿದ್ದುದು ಇಂಗ್ಲೆಂಡಿನ ಜನರು ದೊರೆಗಳಿಂದ ಹಕ್ಕುಗಳನ್ನು ಪಡೆದ ಚರಿತ್ರೆ. ಕಿಟಕಿಯ ಹೊರಗೆ ಕೇಳುತ್ತಿದ್ದುದು ತನ್ನ ಜನರ ಘೋಷಣೆ. ತಾತನವರ ಬೆಂಚಿನಲ್ಲಿ ಇಬ್ಬರಿದ್ದರು. ಒಂದು ಬೆಳಗ್ಗೆ ಮೆರವಣಿಗೆಯ ಶಬ್ದ ಕೇಳಿ ಪಕ್ಕದ ಹುಡುಗನು ಎದ್ದನು, ತಾತನವರೂ ಎದ್ದರು. ಬಾಗಿಲಿನವರೆಗೆ ಇಬ್ಬರೂ ಹೋದರು. ಅಲ್ಲಿ ತಾತನವರಿಗೆ ಒತ್ತೆಯಿಟ್ಟ ಹೊಲದ ನೆನಪಾಯಿತು. ಅವರು ನಿಂತರು, ಗೆಳೆಯನು ಮೆಟ್ಟಿಲನ್ನು ಇಳಿದನು. “ಬಾ ಎಂದು ಅವನು ಕರೆಯಲಿಲ್ಲ. ಕರೆದಿದ್ದರೆ ಹೋಗಿಬಿಡುತ್ತಿದ್ದೆ. ನನ್ನ ಮನೆಯ ಸ್ಥಿತಿ ಅವನಿಗೆ ತಿಳಿದಿತ್ತು” ಎಂದು ಬಹುಕಾಲದ ಮೇಲೆ ತಾತನವರು ನನಗೆ ಹೇಳಿದರು.

ಗೆಳೆಯನು ಕೆಲವು ತಿಂಗಳು ಸೆರೆಮನೆಯಲ್ಲಿದ್ದನು. 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದರು. ಆ ಬೇಸಗೆಯಲ್ಲಿಯೇ ತಾತನವರು ಪರೀಕ್ಷೆಗೆ ಕುಳಿತರು. ಬಿಡುಗಡೆಯಾಗಿ ಬಂದ ಗೆಳೆಯನು ಮರಳಿ ಶಾಲೆಗೆ ಸೇರಲಿಲ್ಲ. ಹತ್ತಿಯ ಅಂಗಡಿಯೊಂದರಲ್ಲಿ ಲೆಕ್ಕವನ್ನು ಬರೆದು ಜೀವನವನ್ನು ಕಳೆದನು. ತಾತನವರು ಉಪಾಧ್ಯಾಯರಾದರು, ಹೊಲವನ್ನು ಬಿಡಿಸಿಕೊಂಡರು, ಇಬ್ಬರು ತಂಗಿಯರ ಮದುವೆಯನ್ನು ಮಾಡಿದರು. ಪ್ರತಿವರ್ಷವೂ ಶಾಲೆಗಳು ತೆರೆಯುವ ಕಾಲಕ್ಕೆ ದಾವಣಗೆರೆಗೆ ಹೋಗಿ ಆ ಗೆಳೆಯನ ಮಕ್ಕಳಿಗೆ ಪುಸ್ತಕಗಳನ್ನು ಕೊಡಿಸಿಬರುತ್ತಿದ್ದರು. ಅದು ಋಣಸಂದಾಯವೋ ಸ್ನೇಹವೋ ಎಂದು ನಾವು ಯಾರೂ ಕೇಳಲಿಲ್ಲ.

ಶ್ರೋತೃಗಳೇ, ಹೊರಗೆ ಹೋದವನೇ ದೇಶಭಕ್ತನು, ಒಳಗೆ ಉಳಿದವನು ಹೇಡಿ ಎಂದು ತೀರ್ಪು ಕೊಡುವುದು ಸುಲಭ. ಚರಿತ್ರೆಯನ್ನು ಬಲ್ಲವನು ಆ ಅವಸರವನ್ನು ಮಾಡಬಾರದು. ಹುಡುಗರೆಲ್ಲರೂ ಹೊರಗೆ ಹೋಗಿದ್ದರೆ, ಸ್ವಾತಂತ್ರ್ಯ ಬಂದ ಮರುವರ್ಷ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವವರೇ ಕಡಿಮೆಯಾಗುತ್ತಿದ್ದರು. ಯಾರೂ ಹೋಗದೆ ಇದ್ದಿದ್ದರೆ ಆ ಸ್ವಾತಂತ್ರ್ಯವೇ ಅಷ್ಟು ತಡವಾಗುತ್ತಿದ್ದಿತು. ಒಬ್ಬನು ತನ್ನ ವರ್ಷವನ್ನು ದೇಶಕ್ಕೆ ಕೊಟ್ಟನು. ಮತ್ತೊಬ್ಬನು ಮನೆಗೆ ಕೊಟ್ಟನು. ಬಲಿಯಾದವರ ಸ್ಮಾರಕಕ್ಕೆ ದಾವಣಗೆರೆಯಲ್ಲಿ ಇಂದಿಗೂ ಹೂವು ಏರುತ್ತದೆ, ಅದು ಉಚಿತವೇ. ಆದರೆ ಪ್ರಾಣವನ್ನಲ್ಲದೆ ಪರೀಕ್ಷೆಯನ್ನು ಮಾತ್ರ ಕಳೆದುಕೊಂಡವನಿಗೆ ಸ್ಮಾರಕವಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಉಳಿಯುವುದು ‘ಗೈರುಹಾಜರು’ ಎಂಬ ಒಂದು ಗುರುತು ಮಾತ್ರ. ಜ್ವರದಿಂದ ಮಲಗಿದವನಿಗೂ ಜೈಲಿನಲ್ಲಿದ್ದವನಿಗೂ ಆ ಗುರುತು ಒಂದೇ.

1943ರಲ್ಲಿ ಪರೀಕ್ಷೆಗೆ ಕುಳಿತವರು ಇಂದು ನಮ್ಮೊಡನೆ ಇರುವುದು ಅಪರೂಪ. ಅವರ ಪೆಟ್ಟಿಗೆಗಳು ಮಾತ್ರ ಅನೇಕ ಮನೆಗಳ ಅಟ್ಟದ ಮೇಲೆ ಇವೆ. ಹಳೆಯ ಕಾಗದವನ್ನು ರದ್ದಿಗೆ ಹಾಕುವುದಕ್ಕೆ ಮುಂಚೆ ಒಮ್ಮೆ ಬಿಚ್ಚಿ ನೋಡಿರಿ. ಅಂಕಗಳ ಪುಸ್ತಕವೊಂದು ಸಿಕ್ಕಿದರೆ, ಅದರ ಒಡೆಯರು ಎಷ್ಟು ಅಂಕಗಳನ್ನು ಪಡೆದರೆಂದು ನೋಡಿ ತೃಪ್ತರಾಗಬೇಡಿರಿ. ಅವರ ಪಕ್ಕದಲ್ಲಿ ಕುಳಿತಿದ್ದವರು ಯಾರೆಂದು ಮನೆಯ ಹಿರಿಯರನ್ನು ವಿಚಾರಿಸಿರಿ.